ಬಾಟಲಿಯ ಮೇಲೆ ‘ಒಮೆಗಾ-3’ ಎಂದಿದ್ದರೆ ಸಾಲದು: ಸಮುದ್ರ ಮೀನಿನ ಮರಿ ಸಾಕುವವರಿಗೆ ಎಚ್ಚರಿಕೆ

ಸೀಬಾಸ್ ಲಾರ್ವಾಗಳಿಗೆ ತಿನ್ನಿಸುವ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿಯನ್ನು ಪುಷ್ಟಿಗೊಳಿಸಲು ‘ಒಮೆಗಾ-3’ ಎಂಬ ಚೀಟಿ ಅಂಟಿಸಿದ ಎಣ್ಣೆ ಕೊಳ್ಳುವ ಮುನ್ನ, ಕುಂದಾಪುರದ ಕಡೆ ನಾವು ಕೆಲವರು ಸೇರಿ ನಡೆಸುವ ಸಣ್ಣ ಹ್ಯಾಚರಿಯಲ್ಲಿ ಕಳೆದ ಹಂಗಾಮಿನಲ್ಲಿ ನಡೆದದ್ದನ್ನು ಓದಿಕೊಳ್ಳಬೇಕೆಂದು ಕೋರುತ್ತೇನೆ. ಮಾರಿದವರ ಹೆಸರನ್ನು ಬರೆಯುವುದಿಲ್ಲ. ಇಂಥ ಸರಕು ನಾಳೆ ಇನ್ನೊಂದು ಚೀಟಿ ಹೊತ್ತು ಬರಬಹುದು.

ಮೊದಮೊದಲು ಮರಿಗಳಲ್ಲಿ ಯಾವ ದೋಷವೂ ಕಾಣಲಿಲ್ಲ. ಹೊಟ್ಟೆ ತುಂಬಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಸಾವು ವಾಡಿಕೆಯ ಮಿತಿಯಲ್ಲಿತ್ತು. ಸೀಬಾಸ್ ಮರಿಗಳಲ್ಲಿ ದೊಡ್ಡವು ಚಿಕ್ಕವನ್ನು ನುಂಗುವುದರಿಂದ ಗ್ರೇಡಿಂಗ್ ಬಿಡುವಂತಿಲ್ಲ. ಹಾಗೆ ವಿಂಗಡಿಸಲೆಂದು ಬಲೆಯಲ್ಲಿ ಎತ್ತಿ ಬೇರೆ ತೊಟ್ಟಿಗೆ ಬಿಟ್ಟ ದಿನ, ಮರಿಗಳು ಮೈ ಸೆಟೆದುಕೊಂಡು ಕಿವಿರು ತೆರೆದು ತಳಕ್ಕೆ ಬೀಳತೊಡಗಿದವು. ಸಂಜೆಯೊಳಗೆ ಬಹುಪಾಲು ಸತ್ತವು. ಮಾರಾಟಗಾರರಿಗೆ ಫೋನ್ ಮಾಡಿದರೆ, ‘ನಿಮ್ಮ ನೀರಿನಲ್ಲಿ ವಿಬ್ರಿಯೊ ಇದೆ ಸಾರ್’ ಎಂದು, ಅಂದರೆ ರೋಗ ತರುವ ಬ್ಯಾಕ್ಟೀರಿಯಾ ಇದೆಯೆಂದು ಹೇಳಿ ಆಂಟಿಬಯಾಟಿಕ್ ಹಾಕಲು ಸೂಚಿಸಿದರು. ಆ ಆಂಟಿಬಯಾಟಿಕ್ ಸಹ ಅವರಲ್ಲಿಯೇ ಸಿಗುತ್ತಿತ್ತೆಂಬುದನ್ನು ಗಮನಿಸಬೇಕು.

ನೀರಿನ ಪರೀಕ್ಷೆಯಲ್ಲಿ ಅಂಥದ್ದೇನೂ ಕಾಣದಿದ್ದುದರಿಂದ ಉಳಿದಿದ್ದ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಅದರ ಕೊಬ್ಬಿನಾಮ್ಲಗಳ ವಿಶ್ಲೇಷಣೆ ಮಾಡಿಸಿದೆವು. ಅದರಲ್ಲಿದ್ದ ಒಮೆಗಾ-3ರಲ್ಲಿ ಹೆಚ್ಚಿನದು ಅಗಸೆ ಎಣ್ಣೆಯಲ್ಲಿರುವ ಆಲ್ಫಾ-ಲಿನೊಲೆನಿಕ್ ಆಮ್ಲವಾಗಿತ್ತು. ಮರಿಗಳಿಗೆ ನಿಜವಾಗಿ ಬೇಕಾದ, ಮೀನೆಣ್ಣೆಯಲ್ಲಿರುವ ಒಮೆಗಾ-3 ಆಮ್ಲವಾದ ಡಿಎಚ್‌ಎ ಹೆಸರಿಗಷ್ಟೇ ಇತ್ತು. ಚೀಟಿಯ ಮಾತು ಸುಳ್ಳೆಂದು ಹೇಳಲಾಗದು, ಏಕೆಂದರೆ ಲಿನೊಲೆನಿಕ್ ಆಮ್ಲವೂ ಒಮೆಗಾ-3 ವರ್ಗಕ್ಕೇ ಸೇರಿದ್ದು. ಆದರೆ ಮೋಸ ಅಡಗಿರುವುದು ಅಲ್ಲಿಯೇ. ಕೆರೆಯ ಗೆಂಡೆ ಜಾತಿಯ ಮೀನುಗಳು 18 ಇಂಗಾಲದ ಈ ಆಮ್ಲವನ್ನು ಉದ್ದಮಾಡಿ 20 ಇಂಗಾಲದ ಇಪಿಎ ಮತ್ತು 22 ಇಂಗಾಲದ ಡಿಎಚ್‌ಎಯನ್ನು ಸ್ವಲ್ಪಮಟ್ಟಿಗೆ ತಾವೇ ತಯಾರಿಸಿಕೊಳ್ಳಬಲ್ಲವು. ಸಮುದ್ರದ ಮೀನುಗಳಲ್ಲಿ ಬಹುತೇಕ ಜಾತಿಗಳಿಗೆ ಆ ಶಕ್ತಿ ಸಾಲದು, ಆದ್ದರಿಂದ ಅವುಗಳಿಗೆ ಸಿದ್ಧ ರೂಪದಲ್ಲಿಯೇ ಅವನ್ನು ತಿನ್ನಿಸಬೇಕು. ಮಿದುಳು, ಕಣ್ಣಿನ ಅಕ್ಷಿಪಟಲ ಮತ್ತು ಜೀವಕೋಶಗಳ ಪೊರೆ ಡಿಎಚ್‌ಎ ಇಲ್ಲದೆ ಸರಿಯಾಗಿ ರೂಪುಗೊಳ್ಳುವುದಿಲ್ಲ. ಕೊರತೆಯಾದ ಮರಿ ನಿಶ್ಚಲ ನೀರಿನಲ್ಲಿ ಬದುಕಿಯೇ ಇರುತ್ತದೆ, ಬಲೆ ತಗುಲಿದರೆ ಅಥವಾ ಉಪ್ಪಿನಂಶ ತುಸು ಬದಲಾದರೆ ಆಘಾತದಿಂದ ಸಾಯುತ್ತದೆ. ನಷ್ಟ ಹೀಗೆ ತಡವಾಗಿ ಕಾಣಿಸುವುದರಿಂದಲೇ ಎಣ್ಣೆ ಮಾರಿದವರು ನೀರಿನ ಕಡೆ ಬೆರಳು ತೋರಿಸಿ ಪಾರಾಗುತ್ತಾರೆ.

ಆರ್ಟೀಮಿಯಾದಲ್ಲಿಯೇ ಈ ಎರಡು ಆಮ್ಲಗಳು ಇರುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಇಪಿಎ ಪ್ರಮಾಣ ಸಿಸ್ಟ್ (ಆರ್ಟೀಮಿಯಾದ ಒಣ ಮೊಟ್ಟೆ) ಬಂದ ಊರಿಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಡಿಎಚ್‌ಎ ಮಾತ್ರ ಹೆಚ್ಚುಕಡಿಮೆ ಇರುವುದೇ ಇಲ್ಲ. ಬೇಕರಿ ಯೀಸ್ಟಿನಲ್ಲಿ ಬೆಳೆಸಿದ, ಮರಿಗಳಿಗೆ ತಿನ್ನಿಸುವ ರೋಟಿಫರ್ ಎಂಬ ಸೂಕ್ಷ್ಮ ಜೀವಿಗಳಲ್ಲಿ ಎರಡೂ ಅತ್ಯಲ್ಪ. ನ್ಯಾನೊಕ್ಲೊರಾಪ್ಸಿಸ್ ಪಾಚಿಯಿಂದ ಇಪಿಎ ಸಾಕಷ್ಟು ಸಿಗುತ್ತದಾದರೂ ಡಿಎಚ್‌ಎಗೆ ಐಸೊಕ್ರೈಸಿಸ್ ಪಾಚಿ ಅಥವಾ ಪಾಚಿಯಂಥ ಸೂಕ್ಷ್ಮಜೀವಿಯಾದ ಸ್ಕೈಜೊಕೈಟ್ರಿಯಂ ಬೇಕು.

ಇನ್ನೊಂದು ದೋಷ ವಾಸನೆಯಲ್ಲಿತ್ತು. ನಮ್ಮಲ್ಲಿ ದುಡಿಯುವ ಹಿರಿಯರೊಬ್ಬರು ಎರಡನೆಯ ಬಾಟಲಿಯ ಮುಚ್ಚಳ ತೆರೆದ ಕೂಡಲೇ, ‘ಇದು ಕಮಟು ಹಿಡಿದಿದೆ ಮಾರಾಯ್ರೆ’ ಎಂದರು. ಡಿಎಚ್‌ಎಯಂಥ ಆಮ್ಲಗಳು ಗಾಳಿ, ಬೆಳಕು, ಸೆಕೆಗೆ ಬೇಗನೆ ಉತ್ಕರ್ಷಣಗೊಳ್ಳುತ್ತವೆ, ಹಾಗಾದ ಎಣ್ಣೆ ಮರಿಗಳಿಗೆ ವಿಷವೇ ಆಗುತ್ತದೆ. ಆ ಎರಡನೆಯ ಕಟ್ಟು ಏಪ್ರಿಲ್ ತಿಂಗಳ ಕರಾವಳಿಯ ಬಿಸಿಲಿನಲ್ಲಿ, ಮಂಜುಗಡ್ಡೆಯಿಲ್ಲದೆ, ಬಸ್ಸಿನ ಲಗೇಜಿನಲ್ಲಿ ಬಂದಿತ್ತು. ಅಂಥದ್ದನ್ನು ಸಹಿ ಹಾಕದೆ ಹಿಂದಕ್ಕೆ ಕಳುಹಿಸುವುದೇ ಸರಿ.

ಒಳ್ಳೆಯ ಎಣ್ಣೆ ಸಿಕ್ಕಿದರೂ ಬಳಕೆಯ ಕ್ರಮಕ್ಕೆ ಮಾರಾಟಗಾರರ ಬಾಯಿಮಾತನ್ನು ನಂಬಬೇಡಿ. ಸಿಸ್ಟ್ ಒಡೆದ ತಕ್ಷಣವೇ ಎಮಲ್ಷನ್ (ನೀರಿನಲ್ಲಿ ಕದಡಿದ ಎಣ್ಣೆ) ಹಾಕಿರೆಂದು ಇವರು ಹೇಳಿದ್ದರು. ಆಗ ತಾನೇ ಹೊರಬಂದ ನಾಪ್ಲಿಗೆ (ಆರ್ಟೀಮಿಯಾದ ಮರಿಗೆ) ಬಾಯಿಯೇ ತೆರೆದಿರುವುದಿಲ್ಲ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8 ಗಂಟೆಗಳ ನಂತರ ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದ ಮೇಲಷ್ಟೇ ಅದು ಎಣ್ಣೆಯ ಕಣಗಳನ್ನು ನುಂಗಬಲ್ಲದು. ಅದಕ್ಕೆ ಮೊದಲು ಸುರಿದದ್ದು ನೊರೆಯಾಗಿ, ಆಮ್ಲಜನಕ ಕುಗ್ಗಿಸಿ, ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ. ಪುಷ್ಟಿಗೊಂಡ ನಾಪ್ಲಿಗಳನ್ನು ಚೆನ್ನಾಗಿ ತೊಳೆದು ಬೇಗನೆ ತಿನ್ನಿಸಬೇಕು, ಅಥವಾ ತಣ್ಣಗೆ ಇಡಬೇಕು. ಬೆಚ್ಚಗಿನ ನೀರಿನಲ್ಲಿ ಹಸಿವಿನಲ್ಲಿಟ್ಟರೆ ಅವು ಡಿಎಚ್‌ಎಯನ್ನು ತಾವೇ ಕರಗಿಸಿಕೊಂಡು ಬಿಡುತ್ತವೆ.

ಕೊಳ್ಳುವಾಗ ಡಿಎಚ್‌ಎ ಮತ್ತು ಇಪಿಎ ಶೇಕಡಾವಾರು ಬೇರೆ ಬೇರೆಯಾಗಿ ನಮೂದಾಗಿರುವ, ಬ್ಯಾಚ್‌ಗೆ ಸಂಬಂಧಿಸಿದ ವಿಶ್ಲೇಷಣಾ ಪತ್ರವನ್ನು ಕೇಳಿ. ಡಿಎಚ್‌ಎ ಇಪಿಎಗಿಂತ ಹೆಚ್ಚಿರುವುದು, ಸಾಧ್ಯವಾದರೆ ಎರಡು ಪಟ್ಟು ಇರುವುದು ಲೇಸು. ಪೆರಾಕ್ಸೈಡ್ ಅಂಕ (ಎಣ್ಣೆ ಎಷ್ಟು ಕಮಟು ಹಿಡಿದಿದೆ ಎಂಬುದರ ಅಳತೆ), ತಯಾರಾದ ದಿನಾಂಕ, ಇ ಜೀವಸತ್ವ ಸೇರಿಸಿದ್ದಾರೆಯೇ ಎಂಬುದನ್ನೂ ನೋಡಿ. ಪತ್ರ ಆಮೇಲೆ ಕಳುಹಿಸುತ್ತೇವೆಂದರೆ ಹಣವನ್ನೂ ಆಮೇಲೆ ಕೊಡಿ. ನಮಗೆ ಕೊಟ್ಟ ಬಿಲ್ಲಿನಲ್ಲಿ ‘ಫೀಡ್ ಸಪ್ಲಿಮೆಂಟ್’ ಎಂಬ ಎರಡು ಪದಗಳು ಮಾತ್ರ ಇದ್ದವು. ಬ್ಯಾಚ್ ಸಂಖ್ಯೆಯಾಗಲಿ ಘಟಕಾಂಶಗಳಾಗಲಿ ಇರಲಿಲ್ಲ. ಪ್ರಯೋಗಾಲಯದ ವರದಿ ಮುಂದಿಟ್ಟಾಗ, ಅದು ತಾವು ಮಾರಿದ ಎಣ್ಣೆಯದೇ ಎನ್ನಲು ಏನು ಆಧಾರವೆಂದು ಕೇಳಿ ಅವರು ಹಣ ಹಿಂದಿರುಗಿಸಲು ಒಪ್ಪಲಿಲ್ಲ.