ಕಪನೂರದ ವರ್ಕ್‌ಶಾಪಿನಲ್ಲಿ ಮೋಟಾರ್ ಹೋಮ್‌ಗೆ ಟೋ ಬಾರ್: ಕಬ್ಬಿಣದ ಕೆಲಸ ಚೊಕ್ಕ, ವೈರಿಂಗ್ ಕಳಪೆ

ಕಲಬುರಗಿಯಲ್ಲಿ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ತೊಗರಿಯನ್ನೋ ಕಬ್ಬನ್ನೋ ಹೇರಿಕೊಂಡು ಬರುವುದೇ ಆಗಿರುವುದರಿಂದ, ಮೋಟಾರ್ ಹೋಮ್ ಹಿಂದೆ ಬೈಕ್ ಹೊತ್ತ ಚಿಕ್ಕ ಟ್ರೇಲರ್ ಎಳೆಯುವ ಏರ್ಪಾಡನ್ನು ಇಲ್ಲಿಯ ಫ್ಯಾಬ್ರಿಕೇಶನ್ ಅಂಗಡಿಗಳು ಎಷ್ಟರಮಟ್ಟಿಗೆ ಮಾಡಿಯಾವು ಎಂಬ ಅನುಮಾನ ನನಗಿತ್ತು. ಟೆಂಪೋ ಟ್ರಾವೆಲರನ್ನು ಒಳಗೇ ಉಳಿದುಕೊಳ್ಳುವಂತೆ ಮಾರ್ಪಡಿಸಿದ ನಮ್ಮ ಗಾಡಿ, ನಾವು ಹೊರಟಿದ್ದ ಬೀದರಿನ ಹಳೇ ಊರಿನ ಓಣಿಗಳಲ್ಲಿ ತಿರುಗುವಂಥದ್ದಲ್ಲ. ಅದಕ್ಕಾಗಿ ಬೈಕ್ ಜೊತೆಗಿರಬೇಕಿತ್ತು. ಹುಮನಾಬಾದ್ ರಸ್ತೆಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಟೋ ಬಾರನ್ನೂ (ಟ್ರೇಲರ್ ಕೊಂಡಿ ಹಾಕಲು ಗಾಡಿಯ ಹಿಂದೆ ಬಿಗಿಯುವ ಕಬ್ಬಿಣದ ತೊಲೆ) ಟ್ರೇಲರನ್ನೂ ಒಟ್ಟಿಗೆ ಮಾಡಿಸಿದೆವು.

ಮೊದಲು ಮೆಚ್ಚಬೇಕಾದದ್ದು ಅಲ್ಲಿಯ ಮೇಸ್ತ್ರಿಯವರು ಟ್ರ್ಯಾಕ್ಟರ್ ಮಾದರಿಯ ಪಿನ್ ಹಾಕಲು ಒಪ್ಪದೇ ಇದ್ದುದನ್ನು. “ಪಿನ್ನಿಗೆ ಆಟ ಇರ್ತದ್ರಿ ಸಾಹೇಬ್ರ, ನಿಧಾನ ಹೋಗೋದಕ್ಕ ಅಡ್ಡಿಯಿಲ್ಲ, ಹೈವೇದಾಗ ಹಿಂದಿಂದು ಮುಂದಿಂದಕ್ಕ ಗುದ್ದತದ” ಎಂದು ಅವರು ಟೋ ಬಾರಿನ ಮೇಲೆ ಕೂರುವ 50 ಮಿಲಿಮೀಟರಿನ ಬಾಲ್ (ಉಕ್ಕಿನ ಗುಂಡು) ಮತ್ತು ಅದನ್ನು ಮೇಲಿನಿಂದ ಮುಚ್ಚಿ ಹಿಡಿಯುವ, ಟ್ರೇಲರಿನ ತುದಿಗೆ ಹಾಕುವ ಅದೇ ಅಳತೆಯ ಕಪ್ಲರ್ ತರಿಸಿದರು. ಮಾರುಕಟ್ಟೆಯಲ್ಲಿ ಎರಡು ಇಂಚಿನ, ಅಂದರೆ 50.8 ಮಿಲಿಮೀಟರಿನ ಬಾಲ್ ಕೂಡ ಸಿಗುತ್ತದೆ. ನೋಡಲು ಎರಡೂ ಒಂದೇ ಥರ ಇದ್ದರೂ 50ರ ಕಪ್ಲರ್ ಅದರ ಮೇಲೆ ಸರಿಯಾಗಿ ಮುಚ್ಚಿಕೊಳ್ಳದೆ ಹೋಗಬಹುದಾದ್ದರಿಂದ, ಬಾಲ್ ಮೇಲೂ ಕಪ್ಲರ್ ಮೇಲೂ ಒತ್ತಿರುವ ಅಳತೆಯನ್ನು ಓದಿಯೇ ಕೊಳ್ಳಬೇಕು. ಬಾರನ್ನು ಬಂಪರಿಗೆ ಬೆಸೆಯದೆ, ಚಾಸಿಯ ಎರಡೂ ಉದ್ದ ತೊಲೆಗಳಿಗೆ ಮೊದಲೇ ಇದ್ದ ತೂತುಗಳ ಮೂಲಕ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಬೋಲ್ಟುಗಳ ತಲೆಯ ಮೇಲೆ ಹೆಚ್ಚು ಗಟ್ಟಿಯ ಉಕ್ಕನ್ನು ಸೂಚಿಸುವ 10.9 ಎಂಬ ಗುರುತು ಇದೆಯೇ ಎಂದು ನಾನು ಬಗ್ಗಿ ನೋಡಿದೆ, ಇತ್ತು.

ಟ್ರೇಲರಿನ ಮೂತಿಯ, ಅಂದರೆ ಕೊಂಡಿಯ ಮೇಲೆ ಕೂರುವ ಮುಂತುದಿಯ ಭಾರದ ವಿಷಯದಲ್ಲಿ ಮಾತ್ರ ನಾವೇ ಹಟ ಹಿಡಿಯಬೇಕಾಯಿತು. ಮೂತಿಯನ್ನು ಒಬ್ಬನೇ ಸುಲಭವಾಗಿ ಎತ್ತುವಂತಿದ್ದರೆ ಒಳ್ಳೆಯದು ಎಂಬುದು ಅಂಗಡಿಯ ಹುಡುಗರ ಲೆಕ್ಕ. ರಸ್ತೆಯ ಲೆಕ್ಕ ಬೇರೆ: ಮೂತಿ ಹಗುರಾಗಿ ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ, ವೇಗ ಏರಿದಂತೆ ಟ್ರೇಲರ್ ಎಡಬಲಕ್ಕೆ ಬಾಲ ಬೀಸಲು ಶುರುಮಾಡಿ ಮುಂದಿನ ಗಾಡಿಯನ್ನೂ ಎಳೆದಾಡುತ್ತದೆ. ಒಟ್ಟು ತೂಕದ ಶೇ. 10ರ ಆಸುಪಾಸು ಕೊಂಡಿಯ ಮೇಲೆ ಕೂರಬೇಕೆಂಬುದು ಸಾಮಾನ್ಯ ಮಾನದಂಡ. ಪಕ್ಕದ ದಾಲ್‌ಮಿಲ್ಲಿನಿಂದ ಕಾಟಾ ತರಿಸಿ, ಕೊಂಡಿಯ ಎತ್ತರಕ್ಕೆ ಸರಿಹೋಗುವಂತೆ ಅದರ ಮೇಲೆ ಮರದ ತುಂಡು ನಿಲ್ಲಿಸಿ ಮೂತಿಯನ್ನು ಇಳಿಸಿದಾಗ, ಬೈಕ್ ಸಹಿತ ಸುಮಾರು 380 ಕಿಲೋ ಇದ್ದ ಟ್ರೇಲರಿನ ಮೂತಿ ತೂಗಿದ್ದು ಬರೀ 15 ಕಿಲೋ. ಬೈಕಿನ ಮುಂಚಕ್ರ ಸಿಕ್ಕಿಸುವ ಗೂಡನ್ನು ಕತ್ತರಿಸಿ ಮುಂದಕ್ಕೆ ಬೆಸೆದ ಮೇಲೆ ಕಾಟಾ 37 ತೋರಿಸಿತು. ಇದಕ್ಕಿಂತ ತುಂಬಾ ಹೆಚ್ಚಿಸುವುದೂ ಮೋಟಾರ್ ಹೋಮ್‌ಗೆ ಹಿತವಲ್ಲ. ಅದರ ಹಿಂದಿನ ಅಚ್ಚಿನಿಂದ ಕೊಂಡಿಯವರೆಗಿನ ಉದ್ದ ಹೆಚ್ಚಿರುವುದರಿಂದ ಮೂತಿಯ ಭಾರ ಹಿಂಚಕ್ರಗಳ ಮೇಲೆ ತನ್ನ ತೂಕಕ್ಕಿಂತ ಜಾಸ್ತಿಯಾಗಿ ಕೂರುತ್ತದೆ, ಸ್ಟೇರಿಂಗ್ ಹಿಡಿಯುವ ಮುಂಚಕ್ರಗಳು ಅಷ್ಟರಮಟ್ಟಿಗೆ ಹಗುರಾಗುತ್ತವೆ. ಮರುಮಾತಾಡದೆ ಕತ್ತರಿಸಿ ಬೆಸೆದುಕೊಟ್ಟರು, ಅದಕ್ಕೆ ಬೇರೆ ಹಣವನ್ನೂ ಕೇಳಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಸುರಕ್ಷತೆಯ ಸರಪಳಿಗಳು ಎರಡಿವೆ. ಅವುಗಳನ್ನು ಮೂತಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿದರೆ, ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಚುಚ್ಚಿಕೊಳ್ಳದೆ ಅವುಗಳ ಮೇಲೆ ನಿಲ್ಲುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಬಿಟ್ಟು, ರಸ್ತೆಗೆ ಉಜ್ಜದಷ್ಟು ಮೊಟಕು ಮಾಡಿದ್ದಾರೆ.

ವೈರಿಂಗ್ ವಿಷಯದಲ್ಲಿ ಮಾತ್ರ ಈ ವರ್ಕ್‌ಶಾಪಿಗೆ ಅಂಕ ಕೊಡುವಂತಿಲ್ಲ. ಟ್ರೇಲರಿನ ದೀಪಗಳಿಗೆ ಕರೆಂಟು ಕೊಡುವ ಏಳು ಪಿನ್ನಿನ ಸಾಕೆಟ್ ಹಾಕಿದ್ದರೂ ಒಳಗಿನ ಜೋಡಣೆಯನ್ನೆಲ್ಲ ವೈರು ತಿರುವಿ ಟೇಪ್ ಸುತ್ತಿ ಮುಗಿಸಿದ್ದರು. ಕಮಲಾಪುರ ದಾಟುವಷ್ಟರಲ್ಲಿ ಟ್ರೇಲರಿನ ಎಡ ಇಂಡಿಕೇಟರ್ ನಿಂತಿತ್ತು. ದೊಡ್ಡ ಗಾಡಿಯ ಹಿಂಬದಿಯ ದೀಪಗಳನ್ನು ಟ್ರೇಲರ್ ಮರೆಮಾಡುವಾಗ ಇದು ಸಣ್ಣ ದೋಷವಲ್ಲ. ಹುಮನಾಬಾದಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಎಲ್ಲವನ್ನೂ ಬಿಚ್ಚಿ ಬೆಸುಗೆ ಹಾಕಿಕೊಟ್ಟರು. ಬೋಲ್ಟುಗಳನ್ನು ಅಲ್ಲಿಯೇ ಮತ್ತೊಮ್ಮೆ ಬಿಗಿದು ನೋಡಿದಾಗ ಒಂದು ಕೊಂಚ ತಿರುಗಿತು. ಹೊಸ ಟೋ ಬಾರ್‌ಗೆ ಇದು ಸಹಜ, ಆದರೆ ಹೀಗೆ ಮತ್ತೆ ಬಿಗಿಯಬೇಕೆಂದು ಅಂಗಡಿಯವರು ಹೇಳಿರಲಿಲ್ಲ.

ಬೀದರಿನವರೆಗೂ 60 ದಾಟದೆ ಹೋದೆವು. ಲಾರಿಯೊಂದು ಹಿಂದೆ ಹಾಕಿ ಹೋದಾಗ ಅದರ ಗಾಳಿಗೆ ಟ್ರೇಲರ್ ಒಮ್ಮೆ ಓಲಾಡಿತು, ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿದದ್ದೇ ತಣ್ಣಗಾಯಿತು. ಅಂಥ ಹೊತ್ತಿನಲ್ಲಿ ಬ್ರೇಕ್ ಒತ್ತಿದರೆ ಓಲಾಟ ಇನ್ನೂ ಕೆರಳುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲವಾದ್ದರಿಂದ ಮುಂದಿನ ಗಾಡಿಗೂ ನಮಗೂ ನಡುವೆ ಅಂತರವನ್ನು ಧಾರಾಳವಾಗಿಯೇ ಬಿಡಬೇಕು.

ಕೂಲಿ ಅಗ್ಗವೇನಲ್ಲ, ಹೇಳಿದ ದಿನಕ್ಕೆ ಕೆಲಸ ಮುಗಿಯುವುದೂ ಇಲ್ಲ. ಕಾನೂನಿನಂತೆ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕೆಂಬುದನ್ನು ಅವರಾಗಿಯೇ ಹೇಳುವುದಿಲ್ಲವಾದ್ದರಿಂದ, ಕಬ್ಬಿಣ ಕತ್ತರಿಸುವ ಮೊದಲೇ ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಬರುವುದು ಲೇಸು. ಬಾರ್ ಮತ್ತು ಟ್ರೇಲರ್ ಮಾಡಿಸುವವರು ಧೈರ್ಯವಾಗಿ ಇಲ್ಲಿಗೆ ಹೋಗಬಹುದು. ದೀಪದ ಕೆಲಸವನ್ನು ಮಾತ್ರ ಬೇರೆ ಕಡೆ ಮಾಡಿಸುವುದಾಗಿ ಮೊದಲೇ ಹೇಳಿ, ಅಷ್ಟು ಹಣವನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.