ಹೋಮ್ ನರ್ಸ್ ಸೇವೆ, 11 ವಾರ: ನಮ್ಮ ಮನೆಗೆ ಬಂದ ಸಿಸ್ಟರ್ ಬಗ್ಗೆ

ಅಮ್ಮನಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಮೂಗಿನಲ್ಲಿ ಟ್ಯೂಬ್, ಕೆಳಗೆ ಮೂತ್ರಕ್ಕೆ ಕ್ಯಾಥೆಟರ್, ಬಾಯಲ್ಲಿ ಮಾತಿಲ್ಲ. ಆಸ್ಪತ್ರೆಯಿಂದ ಕರೆತಂದ ಮೊದಲ ರಾತ್ರಿಯೇ ಇದು ನಮ್ಮಿಂದ ಮಾತ್ರ ಆಗೋ ಕೆಲಸ ಅಲ್ಲ ಅಂತ ಗೊತ್ತಾಯಿತು. ಹಾಗಾಗಿ 24 ಗಂಟೆ ಮನೆಯಲ್ಲೇ ಇರುವ ಹೋಮ್ ನರ್ಸ್ ಕಳಿಸುವ ಒಂದು ಸಂಸ್ಥೆಯ ಸೇವೆ ತಗೊಂಡೆವು. ಹೆಸರು ಹಾಕುತ್ತಿಲ್ಲ. ನಾನು ಹೇಳಬೇಕಾಗಿರೋದು ಜಾಸ್ತಿ ಇರೋದು ಅವರು ಕಳಿಸಿದ ಒಬ್ಬರ ಬಗ್ಗೆ.

ಸಂಸ್ಥೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕಳಿಸುವವರ ಗುರುತಿನ ಪತ್ರ ಎಲ್ಲ ಸರಿಯಾಗಿ ತೋರಿಸುತ್ತಾರೆ. ಟ್ಯೂಬ್‌ನಲ್ಲಿ ಆಹಾರ ಕೊಡೋದು, ಕ್ಯಾಥೆಟರ್ ನೋಡಿಕೊಳ್ಳೋದು ಕಲಿತವರನ್ನೇ ಕಳಿಸುತ್ತಾರೆ. ಆದರೆ ಮೊದಲು ಬಂದವರು ನಾಲ್ಕೇ ದಿನಕ್ಕೆ ಹೋದರು, ಎರಡನೆಯವರ ಕಣ್ಣು ಸದಾ ಫೋನ್ ಮೇಲೆ. ಬದಲಿ ಕಳಿಸಿ ಅಂದರೆ ಕಳಿಸಿದರು, ಅದರಲ್ಲಿ ತಕರಾರಿಲ್ಲ. ಸಂಜೆ ಮೇಲೆ ಫೋನ್ ಮಾತ್ರ ಯಾರೂ ಎತ್ತುವುದಿಲ್ಲ.

ಮೂರನೆಯವರಾಗಿ ಬಂದವರು ಈ ಸಿಸ್ಟರ್. ಐವತ್ತರ ಆಸುಪಾಸು, ಮಾತು ಕಡಿಮೆ. ಬಂದವರೇ ಕೈ ತೊಳೆದು, ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಅಮ್ಮನನ್ನು ಮುಟ್ಟಿದರು. "ಅಮ್ಮಾ, ಈಗ ಎಡಕ್ಕೆ ತಿರುಗಿಸ್ತೀನಿ, ಹೆದರಬೇಡಿ" ಅಂದರು. ಮಾತು ನಿಂತುಹೋದವರ ಜೊತೆ ಯಾರೂ ಮಾತಾಡೋದಿಲ್ಲ, ನಾವೂ ನಿಲ್ಲಿಸಿಬಿಟ್ಟಿದ್ದೆವು. ಇವರು 11 ವಾರದಲ್ಲಿ ಒಂದು ಸಲವೂ ಹೇಳದೆ ಅಮ್ಮನನ್ನು ಮುಟ್ಟಲಿಲ್ಲ.

ಅಮ್ಮನ ಟೊಂಕದ ಕೆಳಗೆ ಕೆಂಪಾಗಿತ್ತು. ಸಿಸ್ಟರ್ ಅದರ ಮೇಲೆ ಬೆರಳು ಒತ್ತಿ ತೆಗೆದು ನನಗೆ ತೋರಿಸಿದರು. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಅಂತ. ಒತ್ತಿದರೂ ಕೆಂಪಾಗೇ ಉಳಿದರೆ ಬೆಡ್ ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಶುರುವಾಗಿದೆ ಅಂತ ಅರ್ಥ. ಅಮ್ಮನದು ಕೆಂಪಾಗೇ ಉಳಿಯಿತು. ಅವತ್ತಿಂದ 2 ಗಂಟೆಗೊಂದು ಸಲ ಮಗ್ಗುಲು ಬದಲಿಸೋದು, ಬೆನ್ನಿಗೆ ದಿಂಬು ಕೊಟ್ಟು ಓರೆಯಾಗಿ ಮಲಗಿಸೋದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು. ಹಗಲು ರಾತ್ರಿ ಎರಡೂ ಹೊತ್ತು. ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಗಂಟೆ ಸಮೇತ ಬರೆದಿಡೋರು. ಮೂರು ವಾರಕ್ಕೆ ಆ ಕೆಂಪು ಹೋಯಿತು.

ಇಷ್ಟಾದರೆ ಒಳ್ಳೆ ನರ್ಸ್ ಅಂತ ಹೇಳಿ ಮುಗಿಸಬಹುದಿತ್ತು. ಸಿಸ್ಟರ್ ದೇವರ ಭಯಭಕ್ತಿ ಇರುವ ಹೆಂಗಸು. ನಮಗೆ ಒಂದು ದಿನವೂ ಉಪದೇಶ ಮಾಡಲಿಲ್ಲ. ರಾತ್ರಿ ಕೆಲಸ ಮುಗಿದ ಮೇಲೆ ಅಮ್ಮನ ಮಂಚದ ಪಕ್ಕ ಕೂತು ಬೈಬಲ್ ಓದೋರು, ಆಮೇಲೆ ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ಆದರೆ ಅವರು ಬಂದ ಮೇಲೆ ಮನೆ ಬದಲಾಯಿತು, ಇದನ್ನು ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ, ಒಂದು ಘಟನೆ ಹೇಳುತ್ತೇನೆ.

ನಾನೂ ನನ್ನ ತಮ್ಮನೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಮ್ಮನನ್ನು ನೋಡೋಕೆ ಬರೋನು, ನಾನಿದ್ದರೆ ಬಾಗಿಲಲ್ಲೇ ನಿಂತು ಹೋಗೋನು. ಮಲಗಿದವರನ್ನು ಮೇಲಕ್ಕೆ ಸರಿಸಬೇಕಾದರೆ ಅಡ್ಡ ಹಾಸಿದ ಬೆಡ್‌ಶೀಟನ್ನು ಎರಡು ಕಡೆಯಿಂದ ಇಬ್ಬರು ಹಿಡಿದು ಒಟ್ಟಿಗೆ ಎತ್ತಬೇಕು, ಎಳೆದರೆ ಚರ್ಮ ಕಿತ್ತು ಬರುತ್ತದೆ. ಒಂದು ರಾತ್ರಿ ಸಿಸ್ಟರ್ ತಲೆ ಕಡೆ ನಿಂತು, "ಸರ್, ನೀವು ಆ ತುದಿ ಹಿಡ್ಕೊಳ್ಳಿ" ಅಂತ ತಮ್ಮನಿಗೆ, ಈ ತುದಿ ನನಗೆ ಅಂದರು. "ಮೂರು ಎಣಿಸಿ, ಒಟ್ಟಿಗೆ ಎತ್ತಿ." ಯಾರು ಎಣಿಸಬೇಕು ಅಂತ ಹೇಳಲಿಲ್ಲ. ಇಬ್ಬರೂ ಸುಮ್ನೆ ನಿಂತಿದ್ದೆವು. ಆಮೇಲೆ ತಮ್ಮ "ಒಂದು" ಅಂದ. ನಾನು "ಎರಡು" ಅಂದೆ. ಮೂರು ವರ್ಷದಲ್ಲಿ ನಾವಿಬ್ಬರೂ ಆಡಿದ ಮೊದಲ ಮಾತು ಅದು. ಸಿಸ್ಟರ್‌ಗೆ ನಮ್ಮ ಜಗಳ ಗೊತ್ತಿತ್ತೋ ಇಲ್ಲವೋ ನಾನು ಕೇಳಲೇ ಇಲ್ಲ. ಮರುದಿನ ರಾತ್ರಿ 2 ಗಂಟೆಗೆ ಮಗ್ಗುಲು ಬದಲಿಸೋಕೆ ತಮ್ಮ ತಾನಾಗೇ ಎದ್ದು ಬಂದ.

ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತೆ ಅಂತಾರಲ್ವಾ, ಆ ನಾರು ನಾವು. ಬೈಬಲ್ಲಿನ ಯೋಸೇಫನ ಕಥೆಯಲ್ಲಿ ಅವನ ಯಜಮಾನ ಪೋಟೀಫರ ಅವನ ದೇವರನ್ನು ನಂಬಿದವನಲ್ಲ, ದುಡ್ಡು ಕೊಟ್ಟು ಅವನನ್ನು ಆಳಾಗಿ ಕೊಂಡಿದ್ದ ಅಷ್ಟೇ. ಆದರೂ ಆ ಆಳಿನ ದೆಸೆಯಿಂದ ಅವನ ಮನೆಗೂ ಹೊಲಕ್ಕೂ ಆಶೀರ್ವಾದ ಬಂತು. ಮನೆಯವರು ಒಳ್ಳೆಯವರು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ನಾವೂ ಒಳ್ಳೆಯವರಾಗಿರಲಿಲ್ಲ.

ಆರನೇ ವಾರ ಸಿಸ್ಟರ್ ಎರಡು ದಿನ ರಜೆ ಕೇಳಿದರು. ಅಷ್ಟು ದಿನದಲ್ಲಿ ಕೇಳಿದ ಮೊದಲ ರಜೆ. ನಾನು ಮುಖಕ್ಕೆ ಹೂಂ ಅಂದು, ಹಿಂದಿನಿಂದ ಸಂಸ್ಥೆಗೆ ಫೋನ್ ಮಾಡಿ ಅವರನ್ನು ಬಿಡಬೇಡಿ ಅಂದೆ. ಸಂಸ್ಥೆಯವರು ಒಪ್ಪಿದರು. ಅದು ನನ್ನ ತಪ್ಪು, ಸಂಸ್ಥೆಯ ತಪ್ಪೂ ಹೌದು. ದಿನಕ್ಕೆ 8 ಗಂಟೆ ವಿಶ್ರಾಂತಿ ಅಂತ ಕಾಗದದಲ್ಲಿ ಬರೆದಿದ್ದಾರೆ, ಸಿಗುತ್ತಿದೆಯಾ ಅಂತ ಒಬ್ಬರೂ ವಿಚಾರಿಸಲಿಲ್ಲ. ಬೈಬಲ್ಲಿನ ಲಾಬಾನ ಮಾಡಿದ್ದೂ ಇದನ್ನೇ. ನಿನ್ನಿಂದಲೇ ನನಗೆ ಆಶೀರ್ವಾದ ಸಿಕ್ಕಿದೆ, ಇಲ್ಲೇ ಇರು ಅಂತ ತನ್ನ ಕುರಿ ಮೇಯಿಸುತ್ತಿದ್ದ ಅಳಿಯ ಯಾಕೋಬನಿಗೆ ಬಾಯಿಬಿಟ್ಟು ಹೇಳಿದ. ಹೇಳಿದವನೇ ಹತ್ತು ಸಲ ಕೂಲಿ ಬದಲಿಸಿ ಮೋಸ ಮಾಡಿದ. ಆ ಭಾಗ ನೆನಪಾಗಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎದ್ದು ಅಮ್ಮನ ಕೋಣೆಗೆ ಹೋದೆ. ಸಿಸ್ಟರ್ ನೆಲದ ಮೇಲೆ ಚಾಪೆ ಹಾಸಿ, ಕಾಲು ಮಡಚಿ ಮಲಗಿದ್ದರು. ಓದೋಕೆ ಬೆಳಕಿಲ್ಲದೆ ಬಾತ್‌ರೂಮಿನ ಲೈಟ್ ಹಾಕಿ ಬಾಗಿಲನ್ನು ಒಂಚೂರು ತೆರೆದಿಟ್ಟಿದ್ದರು. ಆರು ವಾರದಿಂದ ಹಾಗೇ ಇತ್ತು, ನನ್ನ ಕಣ್ಣಿಗೆ ಬಿದ್ದಿದ್ದು ಆವತ್ತು.

ಬೆಳಿಗ್ಗೆ ಸಂಸ್ಥೆಗೆ ಫೋನ್ ಮಾಡಿ ರಜೆ ಕೊಡಿಸಿದೆ. ಸಿಸ್ಟರ್ ಹತ್ತಿರ ಮಾಡಿದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು "ಅಮ್ಮನ ಚಿಂತೇಲಿ ಮಾಡಿದ್ರಿ, ಬಿಡಿ" ಅಂದರು. ಅವರು ತಿರುಗಿ ಬರುವಷ್ಟರಲ್ಲಿ ಪಕ್ಕದ ಸಣ್ಣ ಕೋಣೆ ಖಾಲಿ ಮಾಡಿ ಮಂಚ, ಮೇಜು, ಕುರ್ಚಿ, ಒಂದು ಟೇಬಲ್ ಲ್ಯಾಂಪ್ ಇಟ್ಟೆವು. ಬೈಬಲ್ಲಿನಲ್ಲಿ ಪ್ರವಾದಿ ಎಲೀಷನು ದೇವರ ಮನುಷ್ಯ ಅಂತ ಗುರುತಿಸಿದ ಶೂನೇಮ್ ಊರಿನ ಹೆಂಗಸು ಅವನಿಗಾಗಿ ಮಹಡಿಯ ಕೋಣೆಯಲ್ಲಿ ಇಟ್ಟಿದ್ದೂ ಈ ನಾಲ್ಕೇ. ರಾತ್ರಿ ಪಾಳಿ ನಾನು, ತಮ್ಮ ಹಂಚಿಕೊಂಡೆವು. ಅದಾದ ಮೇಲೆ ಸಿಸ್ಟರ್ ರಾತ್ರಿ ಐದಾರು ಗಂಟೆ ಒಂದೇ ಸಮನೆ ಮಲಗಿದರು.

ಅಮ್ಮ ಉಳಿಯಲಿಲ್ಲ. ಹನ್ನೊಂದನೇ ವಾರ ಎದೆಯಲ್ಲಿ ಸೋಂಕಾಗಿ ಹೋದರು. ದೈವಭಕ್ತರು ಮನೆಯಲ್ಲಿದ್ದರೆ ಎಲ್ಲ ಸರಿಹೋಗುತ್ತೆ ಅಂತ ನಂಬಿದವರಿಗೆ ಇದು ಕಷ್ಟದ ಮಾತು, ನನಗೂ ಕಷ್ಟವಾಯಿತು. ಬೈಬಲ್ಲಿನಲ್ಲಿ ಯೇಸುವಿನ ವಿಷಯ ಸಾರುತ್ತಿದ್ದ ಪೌಲನನ್ನು ಕೈದಿಯಾಗಿ ರೋಮ್‌ಗೆ ಒಯ್ಯುತ್ತಿದ್ದ ಹಡಗು ನೆನಪಿಗೆ ಬರುತ್ತೆ. 14 ದಿನ ಬಿರುಗಾಳಿ. ಹಡಗು ಒಡೆದೇ ಹೋಯಿತು, ಉಳಿಯಲಿಲ್ಲ. ಅದರಲ್ಲಿದ್ದ 276 ಜನ ಮಾತ್ರ ಒಬ್ಬರೂ ತಪ್ಪದೆ ಮಾಲ್ಟಾ ದ್ವೀಪದ ದಡ ಸೇರಿದರು. ಕೈದಿಗಳು ಈಜಿ ತಪ್ಪಿಸಿಕೊಂಡಾರು ಅಂತ ಸಿಪಾಯಿಗಳು ಎಲ್ಲರನ್ನೂ ಕೊಲ್ಲಬೇಕು ಅಂದಿದ್ದರು. ಅವರ ಮೇಲಿನ ಅಧಿಕಾರಿ ಶತಾಧಿಪತಿಗೆ ಪೌಲನನ್ನು ಉಳಿಸಬೇಕಿತ್ತು, ಹಾಗಾಗಿ ತಡೆದ. ಒಬ್ಬನಿಗಾಗಿ ಉಳಿದ ಕೈದಿಗಳ ಜೀವವೂ ಉಳಿಯಿತು. ಅಮ್ಮನ ಕೊನೆಯ ರಾತ್ರಿ ಮಂಚದ ಆ ಕಡೆ ತಮ್ಮ, ಈ ಕಡೆ ನಾನು. ಅಮ್ಮನ ಎಡಗೈ ತಮ್ಮನ ಕೈಯಲ್ಲಿತ್ತು. ಸಿಸ್ಟರ್ ಆಗಲೂ, "ಅಮ್ಮಾ, ಮುಖ ಒರೆಸ್ತೀನಿ" ಅಂತ ಹೇಳಿಯೇ ಒರೆಸಿದರು.

5ರಲ್ಲಿ 4 ಸ್ಟಾರ್ ಕೊಡುತ್ತೇನೆ. ಒಂದು ಕಳೆದಿದ್ದು ಸಂಸ್ಥೆಗೆ. ರಾತ್ರಿ ಫೋನ್ ಎತ್ತಿ, ವಾರಕ್ಕೊಂದು ರಜೆ ಕೊಡಿ, ನನ್ನಂಥವರು ರಜೆ ತಡೆಯಿರಿ ಅಂದಾಗ ಒಪ್ಪಬೇಡಿ. ಈ ಸೇವೆ ತಗೊಳ್ಳುವವರು ರೋಗಿಯ ಮಂಚದ ಜೊತೆಗೇ ನರ್ಸ್‌ಗೂ ಒಂದು ಮಂಚ ಸಿದ್ಧ ಮಾಡಿಕೊಳ್ಳಿ.

ಸಿಸ್ಟರ್ ಈಗ ಬೇರೆ ಯಾರದೋ ಮನೆಯಲ್ಲಿದ್ದಾರೆ. ಆ ಮನೆಯವರು ಇದನ್ನು ಓದುತ್ತಿದ್ದರೆ, ರಾತ್ರಿ ಅವರು ಕೂತು ಓದುವ ಜಾಗದಲ್ಲಿ ಒಂದು ದೀಪ ಇದೆಯಾ ಅಂತ ದಯವಿಟ್ಟು ಎದ್ದು ಹೋಗಿ ನೋಡಿ.