ಅಡಿಕೆ ಲೆಕ್ಕದ ಲ್ಯಾಪ್‌ಟಾಪಿಗೆ ಡೆಬಿಯನ್: ಐದಕ್ಕೆ ನಾಲ್ಕು

ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೂ ನನ್ನ ಹಳೇ ಲ್ಯಾಪ್‌ಟಾಪಿನ ಡೆಬಿಯನ್ (ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ತಕರಾರು ಮಾಡೋದಿಲ್ಲ. ಹೊಸಬರಿಗೆ ಒಂದೇ ಮಾತು. ಫೈಲನ್ನು ಬಣ್ಣದಲ್ಲಿ ತೋರಿಸುವ ‘ಬ್ಯಾಟ್’ ಅನ್ನೋ ಪ್ರೋಗ್ರಾಂ ಹಾಕಿಕೊಂಡರೂ, ಅದನ್ನು ಓಡಿಸೋಕೆ ಇಲ್ಲಿ ‘ಬ್ಯಾಟ್‌ಕ್ಯಾಟ್’ (batcat) ಅಂತ ಟೈಪ್ ಮಾಡಬೇಕು. ಬ್ಯಾಕಪ್‌ಗೆ ಬಳಸುವ ಬಾಕ್ಯುಲಾದ ಒಂದು ಪ್ರೋಗ್ರಾಂ ‘ಬ್ಯಾಟ್’ ಹೆಸರನ್ನು ಮೊದಲೇ ಹಿಡಿದಿತ್ತು. ಇಲ್ಲಿ ಬರೀ ಹೆಗಡೇರು ಅಂದರೆ ಯಾವ ಊರಿನವರು ಅಂತ ಕೇಳ್ತಾರಲ್ಲ, ಹಾಗೆ.

ನನಗಂತೂ ಈ ಶಿಸ್ತು ಇಷ್ಟ. ಬೇರೆ ಬೇರೆ ಕೆಲಸದ ಎರಡು ಪ್ರೋಗ್ರಾಂಗಳಿಗೆ ಒಂದೇ ಹೆಸರು ಇರುವಂತಿಲ್ಲ ಅಂತ ಡೆಬಿಯನ್ ನಿಯಮವೇ ಇದೆ. ‘ನೋಡ್’ ಹೆಸರಿಗೆ ಹ್ಯಾಮ್ (ಹವ್ಯಾಸಿ) ರೇಡಿಯೋ ಪ್ರೋಗ್ರಾಮಿಗೂ ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ನೋಡ್‌ಜೆಎಸ್‌ಗೂ ಜಟಾಪಟಿಯಾಗಿ, 2012ರಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯೇ ತೀರ್ಮಾನ ಕೊಡಬೇಕಾಯಿತು! ಜಾಸ್ತಿ ಟೈಪ್ ಮಾಡೋಕೆ ಬೇಜಾರಾದರೆ ಶೆಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಡೆ) ಒಂದು ಅಲಿಯಾಸ್, ಅಂದರೆ ಅಡ್ಡಹೆಸರು, ಬರೆದುಕೊಳ್ಳಿ.